ಹಾಲುಗಂಬ ನೆಟ್ಟ ದಾರಿ

"ಬಗ್ಗಿ ಉಜ್ಜೇ ಅಂದ್ರೆ ನೀರು ಚಿಮುಕಿಸ್ಕೊಂಡು ನಿಂತವ್ಳೆ ಮುಂಡೆ! ಗಂಡಿನ ಕಡೆಯೋರು ನಾಳೆ ಸಂಜೆಗೇ ಬಂದಿಳೀತಾರೆ. ಈ ಗಬ್ಬು ವಾಸ್ನೇಲಿ ಮುಖ ತೊಳೀತಾರೇನೇ ಅವ್ರು?"

ಕಲ್ಯಾಣ ಮಂಟಪದ ಮ್ಯಾನೇಜರು ಹರಿಕೃಷ್ಣ ಬಚ್ಚಲ ಬಾಗಿಲಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ. ಆಂಜಿನಮ್ಮ ತಲೆ ಎತ್ತಲಿಲ್ಲ. ಫಿನಾಯಿಲು ಸುರಿದು ಪೊರಕೆಯಲ್ಲಿ ತಳ್ಳಿದಷ್ಟೂ ನೀರು ತೂತಿಗೆ ಇಳಿಯದೆ, ಗುಳುಗುಳು ಎಂದು ಮೇಲಕ್ಕೇ ಉಕ್ಕುತ್ತಿತ್ತು.

"ಉಜ್ಜಿದ್ರೆ ಹೋಗೋದಲ್ಲಣ್ಣ ಇದು. ಗುಂಡಿ ತುಂಬ್ಕೊಂಡದೆ."

"ನಂಗೊತ್ತಿಲ್ವಾ? ಲಾರಿಗೆ ಹೇಳಿದೀನಿ. ನೀನು ಬಾಯಿ ಮುಚ್ಕೊಂಡು ಉಜ್ಜು."

ಅವನು ಹೋದ ಮೇಲೆ ಬಚ್ಚಲಲ್ಲಿ ಆ ಸದ್ದೊಂದೇ ಉಳಿಯಿತು. ಮಿಕ್ಕವರಿಗೆ ಅದು ಕಟ್ಟಿಕೊಂಡ ಮೋರಿಯ ಸದ್ದು. ಆಂಜಿನಮ್ಮನಿಗೆ ಗಂಡನ ಉಸಿರು. ನಿದ್ದೆಯಲ್ಲಿ ಕಫ ಕಟ್ಟಿದಾಗ ನಲ್ಲಪ್ಪ ಹೀಗೆಯೇ ಗಂಟಲಲ್ಲಿ ಗುಳುಗುಟ್ಟುತ್ತಿದ್ದ; ಪಕ್ಕೆ ತಿವಿದರೆ ಮಗ್ಗುಲು ಬದಲಿಸಿ ಸುಮ್ಮನಾಗುತ್ತಿದ್ದ. ಈಗ ತಿವಿಯಲು ಪಕ್ಕೆಯಿಲ್ಲ. ಬಚ್ಚಲಿಗೆ ಬಿಸಿನೀರು ಸುರಿಯುವ ಮುಂಚೆ ಅವಳು, "ಸರ್ಕೊ, ಸುಡ್ತದೆ" ಎಂದು ಮೆಲ್ಲಗೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದಳು.

ಹೋದ ವರ್ಷ ಇದೇ ಮಂಟಪದಲ್ಲಿ ಯಾರದೋ ಮದುವೆಗೆ ಮುಂಚೆ, ಎಲ್ಲ ಸಲೀಸಾಗಿರಲೆಂದು, ಅಡಿಗೆಮನೆಯ ಹಿಂದಿನ ಗುಂಡಿ ಬಳಿಯಲು ನಲ್ಲಪ್ಪನನ್ನು ಇಳಿಸಿದ್ದರು. ಮೇಲೆತ್ತಿದ ಮೇಲೆ ಪಾತ್ರೆ ತೊಳೆಯುವ ನಲ್ಲಿಗೆ ಪೈಪು ಸಿಕ್ಕಿಸಿ ತೊಳೆದರು. ಊಟ ಬಡಿಸುವವರ ಸಮವಸ್ತ್ರದ ಕೆಂಪು ಅಂಗಿ ತೊಡಿಸಿ, ಆಟೋದಲ್ಲಿ ಕಾಲೋನಿಗೆ ತಂದು ಮಲಗಿಸಿದರು. "ಕುಡಿದಿದ್ದ, ಎದೆ ನಿಂತೋಯ್ತು" ಎಂದರು. ಪೊಲೀಸಿನವರು ಬರಲಿಲ್ಲ, ಯಾರೂ ಕರೆಯಲಿಲ್ಲ. ಅಂಗಿ ಹೊಸದು. ಕೂದಲೊಳಗಿನ ವಾಸನೆ ಮಾತ್ರ ಹಳೆಯದೇ. ತಿಥಿ ಮುಗಿದ ಮೇಲೆ ಮಂಟಪದ ಧಣಿ ಚನ್ನಕೇಶವ ತಾನೇ ಕಾಲೋನಿಯ ತನಕ ಬಂದು, ಕಾರಿನಿಂದ ಇಳಿಯದೆ, ಅವಳಿಗೆ ಕಸ ಗುಡಿಸುವ ಕೆಲಸ ಕೊಟ್ಟ. ಎಂಥಾ ದೊಡ್ಡ ಮನಸ್ಸು ಎಂದು ಊರೆಲ್ಲ ಅಂದಿತು.

ಈಗ ಚನ್ನಕೇಶವನ ಸ್ವಂತ ಮಗಳ ಮದುವೆ. ಯಾವುದಕ್ಕೂ ಕೊನೆಗಳಿಗೆಯ ಪರದಾಟ ಆಗಬಾರದೆಂದು ವಾರದ ಹಿಂದಿನಿಂದಲೇ ತಯಾರಿ. ಕರೆಂಟು ಹೋದರೆ ಜನರೇಟರು, ಅದೂ ಕೆಟ್ಟರೆ ಇನ್ನೊಂದು. ಮಲ್ಲಿಗೆ ಬಾಡಬಾರದೆಂದು ಐಸು ಪೆಟ್ಟಿಗೆ. ಅಡಿಗೆಮನೆಯ ಹಿಂದಕ್ಕೆ ಹೋಗುವ ಪಕ್ಕದ ಓಣಿಗೆ ತೆಂಗಿನ ಗರಿಯ ಎತ್ತರದ ಚಪ್ಪರ. ಆ ಬೆಳಗ್ಗೆ ಜೋಯಿಸರು ಚಪ್ಪರದ ಬಾಯಿಗೆ, ನಟ್ಟನಡುವೆ, ಅತ್ತಿಯ ಹಾಲುಗಂಬ ನೆಡಿಸಿದರು. ಮುತ್ತೈದೆಯರು ಬುಡಕ್ಕೆ ಹಾಲು ತುಪ್ಪ ಎರೆದು, ನವಧಾನ್ಯದ ಹಳದಿ ಗಂಟು ಕಟ್ಟಿ ಆರತಿ ಎತ್ತಿದರು. ಅಷ್ಟು ಹೊತ್ತೂ ಆಂಜಿನಮ್ಮ ಕಣ್ಣಿಗೆ ಬೀಳದ ಹಾಗೆ ಅಡಿಗೆಮನೆಯ ಹಿಂದೆ ಕೂತಿರಬೇಕೆಂದು ಹರಿಕೃಷ್ಣ ತಾಕೀತು ಮಾಡಿದ್ದ.

ಆರತಿಯ ಕರ್ಪೂರ ಆರುವ ಮುಂಚೆಯೇ ಗುಂಡಿ ಬಳಿಯುವ ಲಾರಿ ಬಂತು. ಡ್ರೈವರು ಬಾಬಾಜಾನ್ ಇಳಿದು, ಓಣಿಯನ್ನೂ ಕಂಬವನ್ನೂ ನೋಡಿ ತಲೆ ಕೆರೆದುಕೊಂಡ.

"ಗಾಡಿ ಹೋಗಲ್ಲ ಸಾರ್. ನಡುವೆ ಕಂಬ ಐತೆ."

"ರೋಡಲ್ಲೇ ನಿಲ್ಸಿ ಪೈಪು ಎಳ್ಕೊಳಯ್ಯ" ಎಂದ ಹರಿಕೃಷ್ಣ.

"ಅಡಿಗೆಮನೆ ಹಿಂದಕ್ಕೆ ಎಲ್ಲಿಂದ ಬರ್ತದೆ ಸಾರ್? ಇದೊಂದು ಕಿತ್ತು ಆ ಕಡೆ ಇಕ್ಕಿ. ಚಾ ಕುಡಿಯೋದ್ರಾಗೆ ಮುಗ್ಸಿ ಕೊಡ್ತೀನಿ."

ಚನ್ನಕೇಶವ ಬಿಳಿ ಪಂಚೆ ಎತ್ತಿ ಹಿಡಿದು ಬಂದವನು ಕೆಂಪಾದ. "ಹಾಲುಗಂಬ ಕೀಳೋದಾ? ಲೇ ಹರಿ, ಮೊದ್ಲು ಗುಂಡಿ ಬಳಿಸಿ ಆಮೇಲೆ ಕಂಬ ನೆಡಿಸ್ಬೇಕು ಅನ್ನೋ ಬುದ್ಧಿ ಬೇಡ್ವೇನೋ ಬೋಳಿಮಗನೆ!"

"ಲಾರಿಯೋನು ನಿನ್ನೇನೇ ಬರ್ತೀನಿ ಅಂದಿದ್ದಣ್ಣ..."

ಜೋಯಿಸರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಪೂಜೆ ಆದ ಕಂಬ. ಮದುವೆ ಮುಗಿದು ಕಂಕಣ ಬಿಚ್ಚೋವರೆಗೂ ಕದಲಿಸೋ ಹಾಗಿಲ್ಲ. ಕದಲಿದರೆ ಮಗುವಿನ ಮಾಂಗಲ್ಯಕ್ಕೆ ಕೇಡು."

ಚನ್ನಕೇಶವ ಕಂಬವನ್ನು ನೋಡಿದ. ಆಮೇಲೆ ದನಿ ತಗ್ಗಿಸಿ ಅಂದ: "ಕದಿರಪ್ಪಂಗೆ ಫೋನ್ ಮಾಡು."

ಕದಿರಪ್ಪ ನಲ್ಲಪ್ಪನ ಖಾಸಾ ತಮ್ಮ.

ಅವನು ಬರುವ ಹೊತ್ತಿಗೆ ಗುಂಡಿಯ ಚಪ್ಪಡಿ ಸರಿಸಿ ಆಗಿತ್ತು. ನಾತ ಮೇಲೆದ್ದು ಅಡಿಗೆಮನೆಯೊಳಗೆ ನುಗ್ಗಿತು. ಕಾಯಿ ತುರಿಯುತ್ತಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದು ಒಬ್ಬರ ಮೇಲೊಬ್ಬರು ಬಿದ್ದು ಹೊರಗೋಡಿದರು. ಕದಿರಪ್ಪನ ಬಾಯಲ್ಲಿ ಆಗಲೇ ಮಂಟಪದವರು ಕುಡಿಸಿದ್ದ ಎಣ್ಣೆಯ ವಾಸನೆ. ಅಂಗಿ ಬಿಚ್ಚಿ ಚಡ್ಡಿಯಲ್ಲಿ ನಿಂತಿದ್ದ. ಚಪ್ಪರಕ್ಕೆ ಕಟ್ಟಿ ಮಿಕ್ಕಿದ್ದ ಉದ್ದನೆಯ ಹೊಸ ಹಗ್ಗವನ್ನು ಹರಿಕೃಷ್ಣ ಅವನ ಸೊಂಟಕ್ಕೆ ಬಿಗಿಯುತ್ತಿದ್ದ.

"ಬ್ಯಾಡ ಕಣೋ ಕದಿರಾ" ಎಂದಳು ಆಂಜಿನಮ್ಮ. "ನಿಮ್ಮಣ್ಣ ಒಳಗವ್ನೆ."

ಕದಿರಪ್ಪ ಅತ್ತಿಗೆಯ ಮುಖ ನೋಡಲಿಲ್ಲ. "ಇಳೀದಿದ್ರೆ ನಿನ್ನೂ ಕೆಲಸದಿಂದ ತೆಗೀತೀವಿ ಅಂದವ್ರೆ, ವದಿನಾ."

"ತೆಗೀಲಿ ಬಿಡು."

"ತೆಗುದ್ರೆ ಏನು ತಿಂತೀಯ?"

ಹರಿಕೃಷ್ಣ ಗಂಟು ಎಳೆದು ಬಿಗಿ ಮಾಡಿದ. "ಅಪಶಕುನ ನುಡೀಬೇಡ ಕಣಮ್ಮ, ಶುಭಕಾರ್ಯದ ಮನೇಲಿ. ಈ ಸಲ ಹಗ್ಗ ಕಟ್ಟಿದೀವಲ್ಲ, ಇನ್ನೇನಾಗ್ಬೇಕು?"

"ಹೋದ್ಸಲ ಎತ್ತೋಕೆ ತಡ ಆಯ್ತು, ಈ ಸಲ ಬೇಗ ಎತ್ತಬೋದು ಅಂತಾನಾ?"

ಅವನು ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡ. ಆಂಜಿನಮ್ಮ ಓಣಿಯ ತುದಿಗೆ ನಡೆದಳು. ಚನ್ನಕೇಶವ ಚಪ್ಪರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

"ಸಾಮಿ, ಕಂಬ ತೆಗುಸ್ರಿ. ಲಾರಿ ಒಳಕ್ಕೆ ಬರ್ತದೆ."

"ಏನಂದೆ?"

"ನೆಡೋಕೆ ಇನ್ನೊಂದು ಕೊಂಬೆ ಸಿಗ್ತದೆ. ಮೇಲೂರು ದಾರೀಲಿ ಅತ್ತಿಮರ ಬೇಕಾದಷ್ಟವೆ."

"ನಿನ್ನ ಕೈಲಿ ಶಾಸ್ತ್ರ ಹೇಳಿಸ್ಕೊಬೇಕೇನೇ ನಾನು? ಇದು ಕದಲಿದ್ರೆ ನನ್ನ ಮಗಳಿಗೆ ಕೇಡು."

"ಕದಿರಂಗೆ?"

"ಅವನಿಗೇನಾಗ್ತದೆ? ನಿಮ್ಗೆಲ್ಲ ಹುಟ್ಟಿದಾಗ್ಲಿಂದ ಅಭ್ಯಾಸ." ಅದನ್ನು ಅವನು ಬೈಗುಳದ ಹಾಗೆ ಹೇಳಲಿಲ್ಲ, ಮಳೆ ಬಿಸಿಲಿನ ವಿಷಯ ಹೇಳುವ ಹಾಗೆ ಹೇಳಿದ.

ಅಡಿಗೆಮನೆಯ ಹಿಂದಿನಿಂದ ಹರಿಕೃಷ್ಣನ ದನಿ ಬಂತು. "ಹೂಂ, ಕಾಲು ಬಿಡೋ. ಮೆಲ್ಲಗೆ, ಮೆಲ್ಲಗೆ..." ಅದರ ಹಿಂದೆಯೇ ಗುಂಡಿ ಒಮ್ಮೆ ಗುಳುಕ್ ಎಂದಿತು. ಬಚ್ಚಲಲ್ಲಿ ಕೇಳುತ್ತಿದ್ದ ಸದ್ದಲ್ಲ. ಬಾಯಿ ತುಂಬಿಕೊಂಡವನು ಏನೋ ಹೇಳಲು ಹೋದ ಹಾಗೆ.

ಆಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಲುಗಂಬವನ್ನು ತಬ್ಬಿಕೊಂಡಳು.

"ಅಯ್ಯೋ! ಮುಟ್ಬಿಟ್ಳು! ಮುಂಡೇರು ಮುಟ್ಟಾರೇನೇ ಅದನ್ನ!" ಎಂದು ಮುತ್ತೈದೆಯೊಬ್ಬಳು ಚೀರಿದಳು. ಜೋಯಿಸರು ಹಿಂದಕ್ಕೆ ಸರಿಯಹೋಗಿ ಆರತಿ ತಟ್ಟೆ ತುಳಿದರು. ಕಂಬ ಮೊದಲು ಅಲ್ಲಾಡಲಿಲ್ಲ. ಅರಿಶಿನ ಕೆನ್ನೆಗೆ ಮೆತ್ತಿತು, ತುಪ್ಪಕ್ಕೆ ಕೈ ಜಾರಿತು. ಅವಳು ಎದೆಗೊತ್ತಿ ಆ ಕಡೆ ಈ ಕಡೆ ಅಲುಗಿಸಿದಳು. ಹಾಲು ಕುಡಿದ ಹೊಸಮಣ್ಣು ಸಡಿಲಗೊಂಡು, ಕಂಬ ಬುಡಸಮೇತ ಮೇಲೆದ್ದಿತು. ಹಳದಿ ಗಂಟು ಬಿಚ್ಚಿ ಕಾಳು ಚೆಲ್ಲಿದವು.

ಚನ್ನಕೇಶವ ಕೈ ಎತ್ತಿಕೊಂಡು ಧಾವಿಸಿದವನು ಮೊಳದೂರದಲ್ಲಿ ನಿಂತುಬಿಟ್ಟ. ಮಗಳ ಮದುವೆಗೆಂದು ಮಡಿ ಉಟ್ಟಿದ್ದ. ಹೊಡೆಯಬೇಕೆಂದರೆ ಅವಳನ್ನು ಮುಟ್ಟಬೇಕಿತ್ತು.

"ಹರೀ! ಎಲ್ಲಿ ಸತ್ತೆಯೋ? ಪೊಲೀಸಿಗೆ ಫೋನ್ ಮಾಡೋ! ಈ ಲೌಡೀನ ಒಳಗೆ ಹಾಕಿಸ್ತೀನಿ!"

"ಮಾಡ್ರಿ" ಎಂದಳು ಆಂಜಿನಮ್ಮ. ಏದುಸಿರು ಬರುತ್ತಿತ್ತು. "ಹೋದ್ಸಲ ಮಾಡ್ಲಿಲ್ಲ. ಈ ಸಲ ಮಾಡ್ರಿ."

ಹರಿಕೃಷ್ಣ ಕೂಗು ಕೇಳಿ ಓಡಿಬಂದಿದ್ದ. ಒಂದು ಕೈ ಜೇಬಿನೊಳಗಿನ ಫೋನಿನ ಮೇಲೆ ಹೋಗಿ ಅಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿ ಹಗ್ಗದ ತುದಿ ಇತ್ತು. ಹಗ್ಗ ಅವನ ಹಿಂದೆ ಓಣಿಯುದ್ದಕ್ಕೂ ಎಳೆದುಕೊಂಡು ಹೋಗಿ, ಅಡಿಗೆಮನೆಯ ಮೂಲೆಯಲ್ಲಿ ತಿರುಗಿ, ಕಾಣದಾಗಿತ್ತು. ಅದು ಬಿಗಿದಿದೆಯೋ ಸಡಿಲವಾಗಿದೆಯೋ ಯಾರೂ ನೋಡಲಿಲ್ಲ.

"ಕದಿರಾ" ಎಂದು ಆಂಜಿನಮ್ಮ ಕೂಗಿದಳು. "ಲೋ ಕದಿರಾ!"

ರೋಡಲ್ಲಿ ಕಾದಿದ್ದ ಬಾಬಾಜಾನ್, ದಾರಿ ಬಿಟ್ಟಿತೆಂದು ಲಾರಿ ಸ್ಟಾರ್ಟು ಮಾಡಿದ. ಆ ಸದ್ದಿನಲ್ಲಿ, ಉತ್ತರ ಬಂದಿದ್ದರೂ ಕೇಳುವ ಹಾಗಿರಲಿಲ್ಲ.