ನಾಲ್ಕನೆಯ ಮೊಟ್ಟೆಯ ಮೂವತ್ತು ಗಂಟೆ

ಗೆಳತಿಯ ಮಗಳ ಮದುವೆಗೆ ಬಟ್ಟೆ ಹೊಲಿದುಕೊಡಲೆಂದು ಅತ್ತೆ ಅವರ ಮನೆಗೆ ಹೋಗಿದ್ದ ವಾರದಲ್ಲೇ ನಮ್ಮ ಹಿತ್ತಲಿನ ಕೆಂಪು ಕೋಳಿ ಕಾವಿಗೆ ಕೂತಿತು. ಬುಟ್ಟಿಗೆ ಕೈಯಿಟ್ಟರೆ ಗರಿಗೆದರಿ ಗುರುಗುಟ್ಟುತ್ತಿತ್ತು; ಎತ್ತಿ ಹೊರಗೆ ಬಿಟ್ಟರೆ ನಾಲ್ಕು ಕಾಳು ಹೆಕ್ಕಿ ಮರಳಿ ಬುಟ್ಟಿ ಸೇರುತ್ತಿತ್ತು.

ಆಗಷ್ಟೇ ಜೀವಶಾಸ್ತ್ರದ ಪದವಿ ಮುಗಿಸಿದ್ದ ನಾನು ಹೊಸ ನೋಟ್‌ಬುಕ್ ತೆರೆದೆ. ಹಿತ್ತಲಿನ ಬೇರೆ ಕೋಳಿಗಳು ಇಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲ್‌ನಿಂದ ಸಂಖ್ಯೆ ಬರೆದು, ಇಟ್ಟ ದಿನವೇ ಕೆಂಪು ಕೋಳಿಯ ಅಡಿಗೆ ಸರಿಸಿದೆ. ಮೊದಲ ಮೂರು ದಿನ ಒಂದು, ಎರಡು, ಮೂರು. ಐದನೆಯ ದಿನ, ತಿಂಗಳುಗಟ್ಟಲೆ ಮೊಟ್ಟೆಯನ್ನೇ ಇಡದಿದ್ದ, ಬಣ್ಣದಿಂದಾಗಿ ‘ಬೂದಿ’ ಎಂದು ನಾವು ಕರೆಯುತ್ತಿದ್ದ ಮುದಿ ಕೋಳಿಯೂ ಒಂದನ್ನಿಟ್ಟಿತು. ಅದು ನಾಲ್ಕನೆಯದಾಯಿತು. ಹೀಗಾದರೆ ಪ್ರತಿಯೊಂದು ಮೊಟ್ಟೆ ಮರಿಯಾಗುವ ಇಪ್ಪತ್ತೊಂದು ದಿನಗಳನ್ನೂ ಬೇರೆಬೇರೆ ಪುಟದಲ್ಲಿ ದಾಖಲಿಸಬಹುದೆಂಬುದು ನನ್ನ ಯೋಜನೆ.

ಎರಡು ದಿನ ಕಳೆದು ಬೂದಿ ಬೇಲಿಯ ನೆರಳಿನಲ್ಲಿ ಮಲಗಿದ್ದು ಏಳಲೇ ಇಲ್ಲ. ಮಾವ ತೀರಿಕೊಂಡ ವರ್ಷ, ಅತ್ತೆ ಯಾರೊಡನೆಯೂ ಮಾತನಾಡದೆ ಹೊಲಿಯುತ್ತಿದ್ದಾಗ, ದಿನವೂ ಹೊಲಿಗೆ ಯಂತ್ರದ ಕೆಳಗೆ ಬಂದು ಮಲಗುತ್ತಿದ್ದ ಕೋಳಿ ಅದು.

ಮರಳಿ ಬಂದ ಅತ್ತೆ ಸುದ್ದಿ ಕೇಳಿ ಬೇಲಿಯ ಬಳಿಗೆ ಹೋಗಿ ಬಂದರು. ಆಮೇಲೆ ನನ್ನ ನೋಟ್‌ಬುಕ್ ತಿರುವಿ ಹಾಕಿದರು.

"ಎಲ್ಲ ಮೊಟ್ಟೆ ಕೂಡಿಟ್ಕೊಂಡು ಒಂದೇ ದಿನ ಇಡ್ಬೇಕಿತ್ತಲ್ಲೇ, ವಿಜ್ಞಾನಿ. ಮೊದಲು ಬಂದ ಮರಿಗಳಿಗೆ ಹಸಿವಾಗುತ್ತೆ. ತಾಯಿ ಅವನ್ನ ಕರ್ಕೊಂಡು ಎದ್ದು ಹೋಗ್ತಾಳೆ. ಕೊನೇದು ಅಲ್ಲೇ ತಣ್ಣಗಾಗುತ್ತೆ."

"ಇಪ್ಪತ್ತೊಂದು ದಿನ ಅಂತ ಎಲ್ಲದಕ್ಕೂ ಬರೆದಿದ್ದೀನಿ ಅತ್ತೆ."

"ಬರೆದಿದ್ದೀಯ. ಕೋಳಿಗೆ ಓದಿ ಹೇಳಿದ್ದೀಯಾ?"

ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಕೇಳಿದರು: "ನಾಲ್ಕನೇದು ಬೂದೀದು ಅಲ್ವಾ?"

ಹೌದೆಂದೆ. ದಾರ ಮೂರು ಬಾರಿ ತಪ್ಪಿತು.

ಇಪ್ಪತ್ತೊಂದನೆಯ ದಿನ ಮೊದಲ ಮರಿ ಬಂತು, ಮರುದಿನ ಎರಡನೆಯದು, ಅದರ ಮರುದಿನ ಬೆಳಗ್ಗೆ ಮೂರನೆಯದು. ಮಧ್ಯಾಹ್ನದ ಹೊತ್ತಿಗಾಗಲೇ ಕೆಂಪು ಕೋಳಿ ಮೂರನ್ನೂ ಕರೆದುಕೊಂಡು ಹಿತ್ತಲಿಗೆ ಇಳಿದಿತ್ತು. ನಾನು ಎರಡು ಸಲ ಅದನ್ನು ಬುಟ್ಟಿಯಲ್ಲಿ ಕೂರಿಸಿದೆ. ಎರಡು ಸಲವೂ ಹಾರಿ ಮರಿಗಳ ಬಳಿಗೆ ಓಡಿತು. ನಾಲ್ಕನೆಯ ಮೊಟ್ಟೆಗೆ ಅಂದು ಹತ್ತೊಂಬತ್ತು ದಿನ. ಮುಟ್ಟಿದರೆ ಇನ್ನೂ ಉಗುರುಬೆಚ್ಚಗಿತ್ತು.

"ಸಂಜೆ ಅವಳು ಮಲಗಿದ ಮೇಲೆ ಅಡಿಗಿಟ್ಟರೆ?"

"ಈಗ ಅವಳ ಕಿವಿಯೆಲ್ಲ ಮರಿಗಳ ಮೇಲೆ. ಮಾತಾಡದ ಮೊಟ್ಟೆ ಅಂದ್ರೆ ಕಲ್ಲಿದ್ದ ಹಾಗೆ, ಒದ್ದು ಸರಿಸ್ತಾಳೆ. ಒಳಗಿಂದ ಕೂಗೋವರೆಗೂ ಬೇರೆ ಯಾರಾದ್ರೂ ಕೂರ್ಬೇಕು." ಅತ್ತೆ ನನ್ನನ್ನೇ ನೋಡಿದರು. "ನೀನೇ ಕೂರು."

ಹಳೆಯ ಸೀರೆಯ ತುಂಡಿನಿಂದ ಮೊಟ್ಟೆಯನ್ನು ನನ್ನ ಹೊಟ್ಟೆಗೆ ಕಟ್ಟಿ, ದಿಂಬುಗಳ ನಡುವೆ ಕೂರಿಸಿದರು. ಗಂಟೆ ಹನ್ನೆರಡು.

ಮೊದಮೊದಲು ಗಡಿಯಾರ ನೋಡಿದೆ. ಆಮೇಲೆ ಬಿಟ್ಟೆ. ಕಿಟಕಿಯ ಬೆಳಕು ಗೋಡೆಯಿಂದ ನೆಲಕ್ಕಿಳಿದು, ನೆಲದಿಂದ ನನ್ನ ಪಾದಕ್ಕೆ ಬಂದು, ಪಾದದ ಮೇಲೇ ಆರಿಹೋಯಿತು. ಪಕ್ಕದ ಕೋಣೆಯಲ್ಲಿ ಯಂತ್ರ ಹೊಲಿಯುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅತ್ತೆ ಬಾಗಿಲಿಗೆ ಬಂದು ಇಣುಕುತ್ತಿದ್ದರು. ಮೊಟ್ಟೆಯ ಬಿಸಿ ಎಲ್ಲಿ ಮುಗಿದು ನನ್ನದು ಎಲ್ಲಿ ಆರಂಭವಾಗುತ್ತದೆಂದು ತಿಳಿಯದಾಯಿತು. ಒರಗಿದಲ್ಲೇ ಕಣ್ಣು ಮುಚ್ಚಿದರೆ ನನಗೆ ಗರಿಗಳಿದ್ದವು. ಹಿತ್ತಲು ಒಂದು ದೊಡ್ಡ ಬುಟ್ಟಿಯಾಗಿತ್ತು, ಆಕಾಶ ಅದರ ಮೇಲೆ ಕಾವಿಗೆ ಕೂತಿತ್ತು. ಬೆಳಗಾದದ್ದು ಅತ್ತೆ ಬಾಯಿಗೆ ಅನ್ನದ ತುತ್ತು ಹಿಡಿದಾಗಲೇ ಗೊತ್ತಾಯಿತು.

"ಮೈ ಮುಟ್ಟಬೇಡಿ ಅತ್ತೆ, ಮೊಟ್ಟೆ ಅಲ್ಲಾಡುತ್ತೆ."

"ನೋಡು, ಗುರುಗುಟ್ಟೋಕೂ ಶುರು ಮಾಡಿದಳು," ಎಂದು ಅತ್ತೆ ನಕ್ಕರು. ಬೂದಿ ಸತ್ತ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆ ಸಂಜೆ ಐದೂಮುಕ್ಕಾಲಿಗೆ ಹೊಟ್ಟೆಯ ಮೇಲೆ ಯಾರೋ ಉಗುರಿನಿಂದ ಮೆಲ್ಲಗೆ ತಟ್ಟಿದಂತಾಯಿತು. ಉಸಿರು ಹಿಡಿದೆ. ಚಿಪ್ಪಿನೊಳಗಿನಿಂದ ದಾರದಷ್ಟು ಸಣ್ಣದೊಂದು ದನಿ. ಅತ್ತೆಯನ್ನು ಕರೆದೆ. ಅವರು ಬಗ್ಗಿ ಕಿವಿಯಿಟ್ಟು, ಬಹಳ ಹೊತ್ತು ಹಾಗೆಯೇ ಇದ್ದರು.

ಕತ್ತಲಾಗುತ್ತಿದ್ದಂತೆ ಇಬ್ಬರೂ ಗೂಡಿಗೆ ಹೋದೆವು. ಕೆಂಪು ಕೋಳಿ ಮೂರು ಮರಿಗಳ ಮೇಲೆ ರೆಕ್ಕೆ ಹರಡಿ ಕೂತಿತ್ತು. ಮೊಟ್ಟೆಯನ್ನು ಅದರ ಎದೆಯಡಿಗೆ ಸರಿಸಿದೆ. ಕೊಕ್ಕು ಎತ್ತಿತು, ಕುಟ್ಟಿ ತಳ್ಳುತ್ತದೆಂದುಕೊಂಡೆ. ಚಿಪ್ಪಿನೊಳಗಿಂದ ಮತ್ತೆ ಆ ದನಿ. ಕೋಳಿ ತಲೆಯೋರೆ ಮಾಡಿ ಆಲಿಸಿ, ಗಂಟಲಿನಾಳದಲ್ಲಿ ಒಂದೇ ಒಂದು ಸಲ ಉತ್ತರಿಸಿ, ಗರಿ ಸಡಿಲಿಸಿ ಅದರ ಮೇಲೆ ಮೆಲ್ಲಗೆ ತಗ್ಗಿ ಕೂತಿತು.

ಬೆಳಗ್ಗೆ ರೆಕ್ಕೆಯ ಸಂದಿನಿಂದ ನಾಲ್ಕನೆಯ ತಲೆ ಹೊರಬಂತು. ಕಪ್ಪು, ಅಚ್ಚ ಕಪ್ಪು.

"ಬೂದಿಯ ಬಣ್ಣ ಬಂದಿಲ್ಲ ಅತ್ತೆ."

ಅತ್ತೆ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ನಡೆದರು. "ಬೂದಿ ಆಗೋಕೆ ಮುಂಚೆ ಇದ್ದಿಲು ಆಗಿರ್ಬೇಕಲ್ವೇನೇ," ಎಂದು, ಯಂತ್ರದ ಕೆಳಗಿನ ನೆಲವನ್ನು ಅದಕ್ಕೆ ಒಂದು ಕ್ಷಣ ತೋರಿಸಿ, ಮರಳಿ ತಾಯಿಯ ಬಳಿ ಬಿಟ್ಟರು.

ನಾಲ್ಕನೆಯ ಪುಟದಲ್ಲಿ ನಾನು ಬರೆದೆ: ಕೋಳಿ, ಹತ್ತೊಂಬತ್ತು ದಿನ. ನಾನು, ಮೂವತ್ತು ಗಂಟೆ. ಮತ್ತೆ ಕೋಳಿ, ಒಂದು ರಾತ್ರಿ. ಬರೆಯುವಾಗಲೂ ನನ್ನ ಎಡಗೈ ಹೊಟ್ಟೆಯ ಮೇಲೆಯೇ ಇತ್ತು.