ಚನ್ನಪಟ್ಟಣದ ಅಂಗಡಿಯ ಜನರೇಟರ್

ಹನ್ನೆರಡು ಲಕ್ಷದ ಜನರೇಟರ್ ಕಾಣೆಯಾಗಿದೆ ಅಂದರೆ ಯಾರು ನಂಬುತ್ತಾರೆ? ಎಮ್ಮೆಗಿಂತ ದೊಡ್ಡ ಯಂತ್ರ ಎಲ್ಲಿಗೆ ತಾನೇ ಹೋದೀತು! ಆದರೂ ಈ ವರ್ಷದ ಎಣಿಕೆಗೆ ಹೋದಾಗ ಚನ್ನಪಟ್ಟಣದ ಅಂಗಡಿಯ ಹಿಂದೆ ಖಾಲಿ ಸಿಮೆಂಟ್ ಕಟ್ಟೆ ಮಾತ್ರ ಉಳಿದಿತ್ತು.

ಇಪ್ಪತ್ತೆಂಟು ಅಂಗಡಿಗಳ ಆ ದಿನಸಿ ಕಂಪನಿಯ ರಾಮನಗರ ಆಫೀಸಿನಲ್ಲಿ ಕವನ ಆಸ್ತಿ ಪಟ್ಟಿ ನೋಡಿಕೊಳ್ಳುತ್ತಿದ್ದಳು. ಫ್ರೀಜರ್, ಲಿಫ್ಟ್, ಕಪಾಟು, ಯಾವುದು ಎಲ್ಲಿದೆ, ಎಷ್ಟು ಸವೆದಿದೆ ಎಂಬುದೆಲ್ಲ ಅವಳ ಪಟ್ಟಿಯಲ್ಲಿರಬೇಕು. ಈ ಜನರೇಟರಿನ ಬೆಲೆಯನ್ನು ಹದಿನೈದು ವರ್ಷಕ್ಕೆ ಹಂಚಿ, ವರ್ಷವರ್ಷದ ಸವಕಳಿಯನ್ನು ಚನ್ನಪಟ್ಟಣದ ಖರ್ಚಿಗೆ ಹಾಕುತ್ತಿದ್ದವಳೂ ಅವಳೇ.

ಅಲ್ಲಿನ ಮ್ಯಾನೇಜರ್ ದೇವರಾಜ್ ಹೋದ ವರ್ಷ ಬಂದವನು. ಅಂಗಡಿ ವಹಿಸಿಕೊಳ್ಳುವಾಗ ಪಟ್ಟಿ ಓದದೆ ಸಹಿ ಹಾಕಿದ್ದ.

"ಮಾರ್ಕೊಂಡಿದಾನೆ. ಮೂರು ಗಂಟೆಗೆ ಪೊಲೀಸರಿಗೆ ದೂರು ಕೊಡ್ತೀನಿ," ಅಂದರು ಮೇಲಧಿಕಾರಿ ರುದ್ರಪ್ರಸಾದ್.

ಕವನ ದೇವರಾಜನಿಗೆ ಫೋನ್ ಮಾಡಿದಳು. "ನಾನ್ ಬಂದಾಗ್ಲೇ ಇರ್ನಿಲ್ಲ ಮೇಡಂ. ಹೊಸಬ, ಕೇಳಾಕೆ ನಾಚ್ಕೆ ಆಯ್ತು. ಸೈನ್ ಹಾಕ್ಬುಟ್ಟೆ."

ಫೋನ್ ಇಟ್ಟವಳಿಗೆ ಥಟ್ಟನೆ ಹೊಳೆಯಿತು. ಜನರೇಟರ್ ಕಂಪನಿಯದೇ ಬೇರೆ ಅಂಗಡಿಯಲ್ಲಿದ್ದರೆ ಅದಕ್ಕೆ ಆಯಿಲ್ ಹಾಕಿಸಿದ ಬಿಲ್ಲು ಇರಲೇಬೇಕಲ್ಲ! ಎಲ್ಲ ಅಂಗಡಿಗಳ ರಿಪೇರಿ ಬಿಲ್ಲುಗಳನ್ನು ತೆಗೆದು ಕೂತಳು. ಕನಕಪುರ ಮುಗಿಯಿತು, ಮದ್ದೂರು ಮುಗಿಯಿತು. ಮಾಗಡಿಯ ಬಿಲ್ಲುಗಳಲ್ಲಿ ಬೆರಳು ನಿಂತಿತು. 'ಜನರೇಟರ್ ಆಯಿಲ್ ಬದಲಾವಣೆ', ಮೂರು ವರ್ಷ, ಮೂರು ಬಿಲ್ಲು. ಮಾಗಡಿಯ ಆಸ್ತಿ ಪಟ್ಟಿಯಲ್ಲಿ ಜನರೇಟರೇ ಇಲ್ಲ!

"ಸಾರ್, ನಾನು ಫೋನ್ ಮಾಡೋವರೆಗೂ ಹೋಗ್ಬೇಡಿ!" ಎಂದು ಕೂಗಿ ಸ್ಕೂಟರ್ ಹತ್ತಿದಳು. ಊಟದ ಡಬ್ಬಿ ಮೇಜಿನ ಮೇಲೇ ಉಳಿಯಿತು. ಮಾಗಡಿ ರಸ್ತೆಯ ಬಂಡೆಗಳು ಎರಡೂ ಕಡೆ ಸರಸರನೆ ಹಿಂದೆ ಸರಿದವು.

ಮಾಗಡಿ ಅಂಗಡಿಯ ಎಲೆಕ್ಟ್ರಿಷಿಯನ್ ಸಾದಿಕ್ ಅವಳನ್ನು ಹಿತ್ತಲಿಗೆ ಕರೆದೊಯ್ದ. ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು ಜನರೇಟರ್.

"ಅಂಗಡಿ ಶುರುವಾದಾಗ ಒಂದು ವಾರಕ್ಕೆ ಅಂತ ಚನ್ನಪಟ್ಟಣದಿಂದ ತರಿಸಿದ್ರು. ವಾಪಸ್ ತಗೊಂಡೋಗಾಕೆ ಯಾರೂ ಬರ್ನೇ ಇಲ್ಲ."

"ಕಾಗದ ಏನಾದ್ರೂ?"

"ಏನೂ ಇಲ್ಲ. ಆಗಿನ ಎರಡೂ ಕಡೆ ಮ್ಯಾನೇಜರ್‌ಗಳು ಕೆಲ್ಸ ಬುಟ್ಟೋದ್ರು."

ಕವನ ಎರಡು ರೂಪಾಯಿ ನಾಣ್ಯದಿಂದ ನಂಬರ್ ಫಲಕದ ಬಣ್ಣ ಕೆರೆದಳು. ನಾಲ್ಕು... ಒಂದು... ಕೊನೆಗೆ ಏಳು. ಪಟ್ಟಿಯಲ್ಲಿದ್ದದ್ದೇ!

ಎರಡೂ ಮುಕ್ಕಾಲಿಗೆ ರುದ್ರಪ್ರಸಾದರಿಗೆ ಫೋನ್ ಹಚ್ಚಿದಳು. "ಸಿಕ್ತು ಸಾರ್! ಸಾದಿಕ್, ಸ್ಟಾರ್ಟ್ ಮಾಡಿ!"

ಯಂತ್ರ ಗುಡುಗಿತು. ಫೋನಿನಲ್ಲಿ ಆ ಸದ್ದು ಕೇಳಿದ ರುದ್ರಪ್ರಸಾದ್, "ದೇವರಾಜ್‌ಗೆ ನಾನೇ ಫೋನ್ ಮಾಡ್ತೀನಿ. ತಪ್ಪಾಯ್ತು ಅಂತ ಹೇಳ್ಬೇಕು," ಅಂದರು.

ಮರುದಿನ ಜನರೇಟರ್ ಮಾಗಡಿಯ ಪಟ್ಟಿಗೆ ಸೇರಿತು, ಮೂರು ವರ್ಷದ ಸವಕಳಿಯೂ ಅದರ ಹಿಂದೆಯೇ ಹೋಯಿತು. ಕಂಪನಿಯ ಒಟ್ಟು ಲೆಕ್ಕದಲ್ಲಿ ಒಂದು ಪೈಸೆಯೂ ಏರುಪೇರಾಗಲಿಲ್ಲ. ಚನ್ನಪಟ್ಟಣ ಮಾತ್ರ ತನ್ನದಲ್ಲದ ಹೊರೆ ಇಳಿಸಿಕೊಂಡು ಒಮ್ಮೆಲೇ ಲಾಭದ ಅಂಗಡಿಯಾಯಿತು.

ವಾರದೊಳಗೆ ದೇವರಾಜನ ಫೋನ್ ಬಂತು. "ಮೇಡಂ, ಈ ಸಲ ಒಂದೊಂದೂ ಮುಟ್ಟಿ ಮುಟ್ಟಿ ಎಣಿಸ್ದೆ. ಪಟ್ಟಿಲಿ ಇಲ್ದಿರೋ ತಕ್ಕಡಿ ಒಂದು ಜಾಸ್ತಿ ಐತೆ!"

"ಯಾರದಂತೆ?"

"ಗೊತ್ತಿಲ್ಲ ಮೇಡಂ!"

ಕವನ ಜೋರಾಗಿ ನಕ್ಕು ಸ್ಕೂಟರ್ ಕೀ ಎತ್ತಿಕೊಂಡಳು.