ಕಣಿಕೆಯಲ್ಲಿ ಬೆರೆತದ್ದು

ಕಾಲು ಮುರಿದುಕೊಂಡ ತಂಗಿಯ ಆರೈಕೆ ಮುಗಿಸಿ ಸಿದ್ದವ್ವ ಬಾಲಗಾಂವದಿಂದ ಇಪ್ಪತ್ತೆರಡು ದಿನಕ್ಕೆ ತನ್ನೂರು ಉಮದಿಗೆ ಬಂದಳು. ಕೈಚೀಲ ಇಳಿಸದೆ ಕೊಟ್ಟಿಗೆಗೆ ಹೋದಳು. ಅವಳ ಸಪ್ಪಳಕ್ಕೇ ಹಗ್ಗ ಜಗ್ಗುವ ಚಂದ್ರಿ, ಏಳು ತಿಂಗಳ ಗಬ್ಬದ ಆಕಳು, ಇವತ್ತು ತಲೆಯಷ್ಟೇ ಎತ್ತಿತು. ಎತ್ತಿದ ತಲೆ ಗಡಗಡ ನಡುಗಿತು. ಹಿಂಗಾಲು ಮಡಚಿ ಕುಸಿಯಿತು.

"ಅಮೋಗ್ಯಾ! ಏನ್ ಹಾಕಿದ್ಯೋ ಇದಕ್ಕ?"

ಮೈದುನ ಅಮೋಗಸಿದ್ದ ಮೊಬೈಲ್ ನೋಡುತ್ತಲೇ ಬಂದ. "ಕಣಿಕಿರಿ ವೈನಿ. ಜೋಡಿಗೆ ಹಸೀದು. ದಿನಾ ಮಸ್ತ ತಿಂತಿತ್ತು."

ಸಿದ್ದವ್ವ ಮೇವು ಹಾಕುವ ಗೋದಲಿಗೆ ಕೈ ಹಾಕಿದಳು. ಮಷಿನ್ನಿನಲ್ಲಿ ಕತ್ತರಿಸಿದ ಜೋಳದ ಕಣಿಕೆಯ ನಡುವೆ ಹಸಿರು ಟೊಳ್ಳು ದಂಟಿನ ಚೂರುಗಳು. ಬೆರಳಿಗೆ ಅಂಟಂಟು ಹಾಲು, ಬೆಲ್ಲದ ವಾಸನೆ. ಬೇಶರಮ ಗಿಡ! ಕಾಲುವೆ ನೀರು ಬಂದ ಮೇಲೆ ಕೆರೆಯ ಕೆಸರಿನಲ್ಲಿ ಆಳೆತ್ತರ ಎದ್ದು ನಿಂತದ್ದು. ದನ ಬಾಯಿ ಹಾಕುವುದಿಲ್ಲವೆಂದೇ ಜನ ಅದನ್ನು ಬೇಲಿಗೆ ನೆಡುತ್ತಾರೆ.

"ವಿಷ ಇದ್ರ ದನ ಮೂಸಿ ಬಿಡ್ತದಂತ ನೀವ ಅಂತಿದ್ರಿ," ಅಂದ.

"ಮೂಸಾಕ ಎಲ್ಲಿ ಬಿಟ್ಟಿ? ಚೂರು ಮಾಡಿ, ಕಣಿಕ್ಯಾಗ ಕಲಸಿ, ಮ್ಯಾಲ ಬೆಲ್ಲದ ನೀರು ಹೊಡದ್ರ ನಿಮ್ಮಪ್ಪನೂ ತಿಂತಿದ್ದ! ಹೊಲಕ್ಕ ಹೋಗಿ ಹುಲ್ಲು ಕೊಯ್ಯಾಕ ನಡಾ ಮುರೀತಿತ್ತೇನ?"

ದನದ ಡಾಕ್ಟರ್ ಶಾಹನವಾಜ ಬಂದು ನೋಡಿದ. "ಇದರ ವಿಷಕ್ಕ ಔಷಧ ಇಲ್ಲವ್ವ. ಆ ಗಿಡ ಹಾಕೂದು ಬಂದ್ ಮಾಡ್ರಿ, ಚಲೋ ಮೇವು ಹಾಕ್ರಿ, ಮಗ್ಗಲಾ ಬದಲಸ್ರಿ. ತಾನ ಎದ್ದು ನಿಂತರ ತಾಯಿ ಉಳೀತದ, ಕರುವೂ ಉಳೀಬಹುದು."

ನಾಲ್ಕು ದಿನ ಸಿದ್ದವ್ವ ಮೈದುನನಿಗೆ ಅಂದದ್ದು: ಹಿಡಿ, ಹೊರಳಿಸು, ನೀರು ತಾ, ಅಷ್ಟೇ. ರೊಟ್ಟಿಯ ತಾಟನ್ನು ಅವನ ಮುಂದೆ ಇಡುವಾಗ ಅದು ನೆಲಕ್ಕೆ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು.

ಐದನೆಯ ದಿನ ಚಂದ್ರಿ ಮುಂಗಾಲು ಊರಿತು. ಅಮೋಗಸಿದ್ದ ಹಿಂದಿನಿಂದ ಹೆಗಲು ಕೊಟ್ಟ. ಆಕಳು ತೂರಾಡಿ, ನಿಂತು, ಅವನ ಬೆನ್ನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ನೋಡಲು ಬಂದವರು ನಕ್ಕರು. ಸಿದ್ದವ್ವ ನಗಲಿಲ್ಲ. ಚಂದ್ರಿಯ ಹೊಟ್ಟೆಗೆ ಅಂಗೈ ಒತ್ತಿ ನಿಂತಳು, ಒಳಗೆ ಕರು ಮಿಸುಕುವವರೆಗೆ. ಆಮೇಲೆ ಗುದ್ದಲಿ ತಂದು ಅವನ ಕಾಲಬುಡಕ್ಕೆ ಒಗೆದಳು.

"ನಡಿ ಕೆರೀಗೆ. ಆ ಬೇಶರಮ ಬೇರಸಹಿತ ಕೀಳು."

"ಅಷ್ಟೂ ದಂಡಿ ನಾ ಒಬ್ಬನ? ಅದು ಪಂಚಾಯತಿ ಕೆರಿರಿ ವೈನಿ!"

"ಮೇವಿಗಂತ ಕೊಯ್ಯೂವಾಗ ಯಾರ ಕೆರಿ ಇತ್ತೋ?"

ಅವನು ಮೊಣಕಾಲುದ್ದ ಕೆಸರಿಗಿಳಿದ. ಸಿದ್ದವ್ವ ಸೀರೆ ಎತ್ತಿಕಟ್ಟಿ ದಂಡೆಯ ಮೇಲೆಯೇ ನಿಂತಳು.

"ಒಂದ ತುಂಡು ನೀರಿಗೆ ಬಿದ್ರ ಮತ್ತ ಚಿಗೀತದ. ಎಲ್ಲಾ ಮ್ಯಾಲ ಒಗಿ. ಲಗೂನ!"